ಹೊಲ ಮಾರುವ ಮೊದಲು

ಪ್ರಶ್ನೆ: ಬಿ.ಇ. ಮೆಕ್ಯಾನಿಕಲ್ ಕೊನೇ ವರ್ಷದಲ್ಲಿದ್ದೇನೆ. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಜರ್ಮನಿಯಲ್ಲಿ ಎಂ.ಎಸ್. ಮಾಡುವಾಸೆ. ಏಜೆನ್ಸಿಯವರು ಒಂದು ಖಾಸಗಿ ಯೂನಿವರ್ಸಿಟಿ ತೋರಿಸಿ, ಬೇಗ ಫೀಸು ಕಟ್ಟಿ ಎನ್ನುತ್ತಿದ್ದಾರೆ. ಅಪ್ಪ ಎರಡು ಎಕರೆ ಹೊಲ ಮಾರಲು ಹೊರಟಿದ್ದಾರೆ. ಏನು ಮಾಡಲಿ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಹೊಲ ಮಾರುವ ಮಾತು ಸದ್ಯಕ್ಕೆ ನಿಲ್ಲಿಸಲು ಅಪ್ಪನಿಗೆ ಹೇಳಿ. ಜರ್ಮನಿಯ ಸರ್ಕಾರಿ ಯೂನಿವರ್ಸಿಟಿಗಳ ಬಹುಪಾಲು ಎಂ.ಎಸ್. ಕೋರ್ಸುಗಳಿಗೆ ಬೋಧನಾ ಶುಲ್ಕವೇ ಇಲ್ಲ. ಸೆಮಿಸ್ಟರಿಗೆ ಕೆಲವು ನೂರು ಯೂರೊ ಕಟ್ಟಿದರಾಯಿತು. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೊ ಇದೆ; ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ ಈಗ ಶುಲ್ಕ ಪಡೆಯುತ್ತದೆ. ಏಜೆನ್ಸಿಗಳಿಗೆ ಕಮಿಷನ್ ಸಿಗುವುದು ಹೆಚ್ಚಾಗಿ ಖಾಸಗಿ ಸಂಸ್ಥೆಗಳಿಂದ. ನಿಮಗೆ ಅದನ್ನೇ ತೋರಿಸಿದ್ದೇಕೆಂದು ಊಹಿಸಬಹುದು. ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ ಡಾಡ್‌ನ (DAAD) ಜಾಲತಾಣದಲ್ಲಿ ಕೋರ್ಸುಗಳ ಪಟ್ಟಿ ಪುಕ್ಕಟೆ ಸಿಗುತ್ತದೆ. ಏಜೆಂಟರಿಗೆ ಒಂದು ರೂಪಾಯಿ ಕೊಡುವ ಮೊದಲು ಅದನ್ನು ನೋಡಿ.

ವೀಸಾಕ್ಕೆ ‘ಬ್ಲಾಕ್ಡ್ ಅಕೌಂಟ್’ ತೆರೆದು ವರ್ಷದ ಖರ್ಚಿಗೆಂದು 11,904 ಯೂರೊ, ಅಂದರೆ ಸುಮಾರು 12 ಲಕ್ಷ ರೂಪಾಯಿ, ಇಡಬೇಕು. ಇದನ್ನು ಫೀಸು ಅಂದುಕೊಂಡು ಎದೆಗುಂದುವ ಮನೆಗಳು ಬಹಳ. ಅದು ನಿಮ್ಮದೇ ಹಣ. ಅಲ್ಲಿಗೆ ಹೋದಮೇಲೆ ತಿಂಗಳಿಗೆ 992 ಯೂರೊದಂತೆ ನಿಮ್ಮ ಕೈಗೇ ಬರುತ್ತದೆ. ಹೊಂದಿಸಬೇಕಾದ ದೊಡ್ಡ ಮೊತ್ತ ಇದೊಂದೇ. ಅದಕ್ಕೆ ಸಾಲದ ದಾರಿಯಿದೆ. ಜೊತೆಗೆ, ನಿಮ್ಮ ಅಂಕಪಟ್ಟಿಗಳು ಅಸಲಿಯೆಂದು ದೃಢೀಕರಿಸುವ ಎಪಿಎಸ್ ಪ್ರಮಾಣಪತ್ರ ಕಡ್ಡಾಯ. ಅದಕ್ಕೆ ಸಮಯ ಹಿಡಿಯುತ್ತದೆ, ಅಂಕಪಟ್ಟಿಗಳನ್ನು ಇವತ್ತೇ ಜೋಡಿಸಿಕೊಳ್ಳಿ.

ಇನ್ನೊಂದು ಮಾತು. ಶಿಫಾರಸು ಪತ್ರ ಕೇಳಲು ಮೇಷ್ಟ್ರ ಮುಂದೆ ನಿಲ್ಲುವುದಕ್ಕೇ ನಿಮ್ಮಂಥ ಮಕ್ಕಳು ಹಿಂಜರಿಯುತ್ತೀರಿ. ಓದಿದ ಮನೆಯ ಮಕ್ಕಳಿಗೆ ಇದನ್ನು ಅಣ್ಣನೋ ಚಿಕ್ಕಪ್ಪನೋ ಹೇಳಿಕೊಟ್ಟಿರುತ್ತಾರೆ. ನಿಮಗೆ ಯಾರೂ ಹೇಳಿಲ್ಲ, ಅಷ್ಟೇ. ‘ಸರ್, ನನ್ನ ಪ್ರಾಜೆಕ್ಟ್ ನೀವು ನೋಡಿದ್ದೀರಿ, ಒಂದು ಪತ್ರ ಬೇಕಿತ್ತು’ ಎನ್ನಿ. ಅದು ಬೇಡುವುದಲ್ಲ, ವಿದ್ಯಾರ್ಥಿಯ ಹಕ್ಕಿನ ಮಾತು.

ಪ್ರಶ್ನೆ: ಮಗನ ವಿದೇಶದ ಓದಿಗೆ ಅಡಿಕೆ ತೋಟ ಅಡವಿಡುತ್ತೇನೆಂದರೂ ಬ್ಯಾಂಕಿನವರು ಒಪ್ಪುತ್ತಿಲ್ಲ. ಬಡ್ಡಿ ಜಾಸ್ತಿಯಾದರೂ ಫೈನಾನ್ಸಿನವರ ಹತ್ತಿರ ಹೋಗಲೇ?
– ಒಬ್ಬ ತಂದೆ, ಶಿರಸಿ

ಉತ್ತರ: ಅವಸರ ಮಾಡಬೇಡಿ. ಸಾಲ ತೀರದಿದ್ದರೆ ಕೋರ್ಟಿಗೆ ಹೋಗದೆ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಹಿಂದೇಟು ಅದಕ್ಕೇ, ನಿಮ್ಮ ಮೇಲೆ ನಂಬಿಕೆಯಿಲ್ಲವೆಂದಲ್ಲ. ಪೇಟೆಯಲ್ಲಿ ಮನೆಯೋ ಸೈಟೋ ಇದ್ದರೆ, ಫಿಕ್ಸೆಡ್ ಡಿಪಾಸಿಟ್ ಇದ್ದರೆ, ಅದನ್ನು ತೋರಿಸಿ. ಹತ್ತಿರದ ಬಂಧುಗಳ ಆಸ್ತಿಯಾದರೂ ನಡೆಯುತ್ತದೆಯೇ ಎಂದು ಮ್ಯಾನೇಜರರನ್ನು ಕೇಳಿ. ಹಿಂದುಳಿದ ವರ್ಗದವರಾದರೆ ದೇವರಾಜ ಅರಸು ಅಭಿವೃದ್ಧಿ ನಿಗಮದಲ್ಲಿ, ಪರಿಶಿಷ್ಟರಾದರೆ ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿದೇಶ ವ್ಯಾಸಂಗದ ನೆರವಿನ ಬಗ್ಗೆ ಮೊದಲು ವಿಚಾರಿಸಿ. ಕೊನೆಗೆ ಫೈನಾನ್ಸೇ ಗತಿಯಾದರೆ, ಓದುವ ಅವಧಿಯ ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟಬೇಕೇ, ಅಸಲಿಗೆ ಸೇರಿಸುತ್ತಾರೆಯೇ ಎಂಬುದನ್ನು ಕಾಗದದಲ್ಲೇ ಬರೆಸಿಕೊಂಡು, ಮಗನ ಕೈಲಿ ಓದಿಸಿ, ಆಮೇಲೆ ಸಹಿ ಹಾಕಿ.