ಬಾಡಿಗೆ ಮನೆಯ ಕೊನೆಯ ಲೆಕ್ಕ

“ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡ್ಕೋತೀವಿ, ಅದು ವಾಡಿಕೆ.” ಚೆನ್ನೈನಲ್ಲಿ ಬಾಡಿಗೆ ಮನೆ ಖಾಲಿ ಮಾಡಿದವರಲ್ಲಿ ಈ ಮಾತು ಕೇಳದವರು ಕಡಿಮೆ. ಬೆಂಗಳೂರಿನವರಿಗೂ ಇದು ಹೊಸದಲ್ಲ. ವೆಸ್ಟ್ ಮಾಂಬಲದ ಮನೆ ಬಿಡುತ್ತೇವೆ ಎಂದು ತಿಳಿಸಿದಾಗ ನಮ್ಮ ಓನರ್ ಮಾಮಿ ಮೊದಲು ಹೇಳಿದ್ದೂ ಇದನ್ನೇ. ಬಾಡಿಗೆ 25,000 ರೂಪಾಯಿ ಇದ್ದರೆ ಆ ಒಂದು ಮಾತಿಗೆ 25,000 ರೂಪಾಯಿ ಹೋಯಿತು ಅಂತಲೇ ಲೆಕ್ಕ. ವಾಡಿಕೆ ಎಂಬ ಒಂದೇ ಕಾರಣಕ್ಕೆ ಅಷ್ಟು ದುಡ್ಡು ಬಿಟ್ಟುಕೊಡಬಾರದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ನಮ್ಮ ಕೈಯಿಂದಾದ ಕೊಳೆಯನ್ನು ಓನರ್ ತಲೆಗೆ ಕಟ್ಟಿ ಹೋಗುವುದೂ ಅಷ್ಟೇ ತಪ್ಪು. ಎಲ್ಲಿಯವರೆಗೆ ನಮ್ಮ ಪಾಲು, ಎಲ್ಲಿಂದ ಅವರ ಪಾಲು ಎಂದು ಗೊತ್ತಿದ್ದರೆ ಪೊರಕೆ ಹಿಡಿಯುವ ಮೊದಲೇ ಅರ್ಧ ಜಗಳ ಮುಗಿದಿರುತ್ತದೆ.

ತಮಿಳುನಾಡಿನಲ್ಲಿ ಇದಕ್ಕೆ ಕಾನೂನೇ ಇದೆ. 1960ರ ಹಳೆಯ ಬಾಡಿಗೆ ನಿಯಂತ್ರಣ ಕಾಯ್ದೆಯನ್ನು ತೆಗೆದು 2017ರಲ್ಲಿ ಹೊಸ ಕಾಯ್ದೆ ಮಾಡಿದರು. ಅದು ಜಾರಿಗೆ ಬಂದದ್ದು 2019ರ ಫೆಬ್ರುವರಿಯಲ್ಲಿ. ಬೇರೆ ಒಪ್ಪಂದ ಮಾಡಿಕೊಂಡಿರದಿದ್ದರೆ ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ. ಮನೆ ಖಾಲಿ ಮಾಡಿದ ಒಂದು ತಿಂಗಳೊಳಗೆ, ಬಾಡಿಗೆದಾರರು ಕೊಡಬೇಕಾದ ಬಾಕಿ ಏನಾದರೂ ಇದ್ದರೆ ಅಷ್ಟನ್ನು ಕಳೆದು, ಉಳಿದದ್ದನ್ನು ವಾಪಸ್ ಕೊಡಬೇಕು. ಒಂದು ಕಾಲಕ್ಕೆ ಈ ಊರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವುದೇ ರೂಢಿಯಾಗಿತ್ತು. 25,000ದ ಮನೆಗೆ ಎರಡೂವರೆ ಲಕ್ಷ ಬಡ್ಡಿಯಿಲ್ಲದೆ ಕೂತಿರುತ್ತಿತ್ತು. ಈಗಲೂ ಕೇಳುವವರು ಇದ್ದಾರೆ. ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳಿಗೆ ಕಳಿಸಿದ ಮಾದರಿ ಕಾಯ್ದೆಯಲ್ಲಂತೂ ವಾಸದ ಮನೆಗೆ ಎರಡೇ ತಿಂಗಳು.

ನಮಗೆ ಬೇಕಾದ ಮಾತು ಇರುವುದು ತಮಿಳುನಾಡು ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿ. ಗೋಡೆಗೆ ಸುಣ್ಣ ಬಳಿಯುವುದು, ಬಾಗಿಲು ಕಿಟಕಿಗೆ ಬಣ್ಣ ಹಚ್ಚುವುದು, ಪೈಪು ಬದಲಿಸುವುದು, ವೈರಿಂಗ್ ಇವೆಲ್ಲ ಓನರ್ ಪಾಲಿಗೆ. ನಲ್ಲಿ ಮತ್ತು ಅದರ ವಾಷರ್, ಚರಂಡಿ ಕಟ್ಟಿಕೊಂಡರೆ ತೆಗೆಸುವುದು, ಕಮೋಡ್, ವಾಷ್‌ಬೇಸಿನ್, ಗೀಸರ್, ಸ್ವಿಚ್ಚು, ಬೀಗ, ಕಿಟಕಿ ಗಾಜು, ಸೊಳ್ಳೆ ಜಾಲರಿ ಇವು ನಮ್ಮ ಪಾಲಿಗೆ. ಮನೆಯನ್ನು ಪಡೆದ ಸ್ಥಿತಿಯಲ್ಲೇ ಹಿಂತಿರುಗಿಸಬೇಕು, ಆದರೆ ಬಳಕೆಯಿಂದ ಸಹಜವಾಗಿ ಸವೆದದ್ದಕ್ಕೆ ನಾವು ಹೊಣೆಯಲ್ಲ. ವರ್ಷಗಟ್ಟಲೆ ಬಿಸಿಲು ಬಿದ್ದು ಮಾಸಿದ ಬಣ್ಣ ಸವೆತ. ಮಗು ಕ್ರೇಯಾನ್‌ನಲ್ಲಿ ಗೀಚಿದ್ದು ಸವೆತವಲ್ಲ. ಕರಾರಿನಲ್ಲೇ ‘ಬಿಡುವಾಗ ಪೇಂಟಿಂಗ್ ಖರ್ಚು ಬಾಡಿಗೆದಾರರದ್ದು’ ಎಂದು ಬರೆದು ಸಹಿ ಹಾಕಿದ್ದರೆ ವಾದಿಸುವುದು ಕಷ್ಟ. ಹಾಗಾಗಿ ಆ ಸಾಲನ್ನು ಮನೆಗೆ ಸೇರುವ ದಿನವೇ ಹುಡುಕಿ ಓದಬೇಕು. ನಮ್ಮ ಕರಾರಿನಲ್ಲಿ ಅದು ಇರಲಿಲ್ಲ. ಅನುಸೂಚಿಯ ಪುಟವನ್ನು ಮಾಮಿಯ ಮಗನಿಗೆ ವಾಟ್ಸಾಪ್ ಮಾಡಿ, ಸೇರಿದ ದಿನ ತೆಗೆದಿದ್ದ ಗೋಡೆಯ ಫೋಟೋಗಳನ್ನೂ ಜೊತೆಗೆ ಕಳಿಸಿದೆವು. ದನಿ ಏರಿಸುವ ಪ್ರಮೇಯವೇ ಬರಲಿಲ್ಲ. ಒಂದು ಒಡೆದ ಕಿಟಕಿ ಗಾಜಿಗೆ ಮಾತ್ರ ಹಣ ಹಿಡಿದುಕೊಂಡು ಉಳಿದದ್ದನ್ನು ಬ್ಯಾಂಕಿಗೆ ಹಾಕಿದರು. ಗಾಜು ಒಡೆದದ್ದು ನಮ್ಮ ಮನೆಯ ಕ್ರಿಕೆಟ್ಟಿನಿಂದಲೇ, ಆ ಹಣ ಅವರಿಗೆ ಸಲ್ಲಬೇಕಾದದ್ದೇ.

ಇನ್ನು ಶುಚಿ ಮಾಡುವ ಕೆಲಸ. ಚೆನ್ನೈ ಮನೆಯಲ್ಲಿ ಕೈ ನೋಯಿಸುವುದು ಬಚ್ಚಲು. ಮೆಟ್ರೋ ವಾಟರ್ ಎಂಬ ನಗರದ ನಲ್ಲಿ ನೀರು ಎಷ್ಟೇ ಬಂದರೂ ಬಹಳಷ್ಟು ಕಟ್ಟಡಗಳಲ್ಲಿ ಸ್ನಾನಕ್ಕೆ ಬೋರ್ ನೀರೇ ಗತಿ. ಅದರ ಉಪ್ಪು ನಲ್ಲಿಯ ಮೂತಿಗೆ, ಷವರ್‌ಗೆ, ಟೈಲ್ಸಿಗೆ ಬಿಳಿ ಪೊರೆಯಾಗಿ ಕೂತು ಕಲ್ಲಾಗಿರುತ್ತದೆ. ಎಲ್ಲರೂ ಥಟ್ಟನೆ ಕೈ ಹಾಕುವುದು ಅಂಗಡಿಯ ಆಸಿಡ್ ಬಾಟಲಿಗೆ. ದಯವಿಟ್ಟು ಬೇಡ. ಆಸಿಡ್ ಕಲೆಯ ಜೊತೆಗೆ ಟೈಲ್ಸಿನ ಸಂದಿಯ ಸಿಮೆಂಟನ್ನೂ ನಲ್ಲಿಯ ಹೊಳಪನ್ನೂ ತಿನ್ನುತ್ತದೆ. ಮಾಂಬಲ, ಮೈಲಾಪುರದ ಹಳೆಯ ಮನೆಗಳಲ್ಲಿ ಇರುವುದು ಮೊಸಾಯಿಕ್ ನೆಲ, ಅಂದರೆ ಸಿಮೆಂಟಿನಲ್ಲಿ ಅಮೃತಶಿಲೆಯ ಚೂರು. ಅದರ ಮೇಲೆ ಆಸಿಡ್ ಬಿದ್ದರೆ ಬುಸ್ಸೆಂದು ನೊರೆ ಎದ್ದು ಆ ಜಾಗ ಶಾಶ್ವತವಾಗಿ ಮಂಕಾಗುತ್ತದೆ. ಅಲ್ಲಿಯವರೆಗೆ ಸವೆತವಾಗಿದ್ದದ್ದು ಅಲ್ಲಿಂದ ಮುಂದೆ ನಾವು ಮಾಡಿದ ಹಾನಿ. ಅಗ್ಗದ ಒಂದು ಬಾಟಲಿಗೆ ಅಡ್ವಾನ್ಸಿನಿಂದ ಸಾವಿರಗಟ್ಟಲೆ ತೆರಬೇಕಾದೀತು. ಬ್ಲೀಚಿಂಗ್ ಪೌಡರ್ ಹಾಕಿದ ಜಾಗಕ್ಕೆ ಆಸಿಡ್ ಸುರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿಯಿಲ್ಲದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಅಪಾಯ.

ನಾವು ಮಾಡಿದ್ದು ಇಷ್ಟು. ಹಳೆಯ ಬನಿಯನ್ ಬಟ್ಟೆಯನ್ನು ವಿನಿಗರ್‌ನಲ್ಲಿ ಅದ್ದಿ, ರಾತ್ರಿ ಮಲಗುವ ಮುಂಚೆ ನಲ್ಲಿಗೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದೆವು. ಬೆಳಿಗ್ಗೆ ಪೊರೆ ಮೆತ್ತಗಾಗಿರುತ್ತದೆ, ಹಳೆಯ ಟೂತ್‌ಬ್ರಷ್‌ನಲ್ಲಿ ಉಜ್ಜಿದರೆ ಚಕ್ಕೆಚಕ್ಕೆಯಾಗಿ ಏಳುತ್ತದೆ. ಷವರ್‌ನ ಮುಖ ಬಿಚ್ಚಿ ಅದನ್ನೂ ವಿನಿಗರ್‌ನಲ್ಲಿ ಮುಳುಗಿಸಿಟ್ಟೆವು. ಗೋಡೆಯ ಟೈಲ್ಸಿಗೆ ಬಿಸಿನೀರಲ್ಲಿ ಕದಡಿದ ಸಿಟ್ರಿಕ್ ಆಸಿಡ್, ಕಿರಾಣಿ ಅಂಗಡಿಯಲ್ಲಿ ಸಿಗುವ ಪುಡಿ. ಮೊಸಾಯಿಕ್ ನೆಲಕ್ಕೆ ವಿನಿಗರ್ ಕೂಡ ತಾಗಿಸಲಿಲ್ಲ, ಸೋಪಿನ ನೀರು ಮಾತ್ರ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿಗೆ ಅಂಟಿದ್ದ ಒಗ್ಗರಣೆ ಜಿಡ್ಡು ಮಾತ್ರ ಹಟ ಮಾಡಿತು. ಬಿಸಿನೀರು, ಸೋಡಾ, ಪಾತ್ರೆ ತೊಳೆಯುವ ಲಿಕ್ವಿಡ್ ಮೂರೂ ಬೇಕಾದವು. ದೇವರ ಮೂಲೆಯ ದೀಪದ ಮಸಿ ಮತ್ತು ಕುಂಕುಮ, ಹೊಸ್ತಿಲ ಅರಿಸಿನ ಇವು ನಮ್ಮವೇ ಗುರುತು, ಅವನ್ನು ನಾವೇ ತೊಳೆದೆವು. ಮೊಳೆ ಕಿತ್ತ ತೂತುಗಳಿಗೆ ವಾಲ್ ಪುಟ್ಟಿ.

ಡೀಪ್ ಕ್ಲೀನಿಂಗ್ ಕಂಪನಿಗಳು ಇಡೀ ಮನೆಗೆ ಸಾವಿರಗಳಲ್ಲಿ ರೇಟು ಹೇಳುತ್ತವೆ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಾದರೆ ಬಚ್ಚಲು, ಅಡುಗೆಮನೆ ಮಾತ್ರ ಅವರಿಗೆ ಕೊಡಿ. ಖಾಲಿ ರೂಮು ಗುಡಿಸಿ ಒರೆಸುವುದಕ್ಕೆ ಅಷ್ಟು ತೆರಬೇಕಿಲ್ಲ. ಲಾಫ್ಟಿನ ಮೇಲಿದ್ದದ್ದನ್ನು ಹಳೆ ಪೇಪರಿನವನಿಗೆ ವಾರ ಮುಂಚೆಯೇ ಹಾಕಿಬಿಡಿ. ಟಾಟಾ ಏಸ್ ಬಂದು ನಿಂತ ಮೇಲೆ ತೂಕ ನೋಡುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಯಾವಾಗ ಬಿಡುತ್ತೀರಿ ಎಂಬುದರಲ್ಲೂ ದುಡ್ಡಿದೆ. ತಮಿಳರ ಆಡಿ ಸೌರಮಾನದ ತಿಂಗಳು, ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ನಮ್ಮ ಆಷಾಢದ ಹಾಗೇ ಆಗ ಹೊಸ ಮನೆಗೆ ಹೋಗುವವರು ಕಡಿಮೆ. ಎಷ್ಟೋ ಓನರ್‌ಗಳು ಹೊಸಬರ ಅಡ್ವಾನ್ಸ್ ಕೈಗೆ ಬಂದ ಮೇಲೆ ಹಳಬರಿಗೆ ಕೊಡುತ್ತಾರೆ. ಆಡಿ ಹುಟ್ಟುವ ಹೊತ್ತಿಗೆ ಮನೆ ಖಾಲಿಯಾದರೆ ಹೊಸಬರು ಬರುವುದು ತಡ, ನಮ್ಮ ಹಣವೂ ತಡ. ಆಡಿಗೂ ಮುಂಚಿನ ಆನಿ ತಿಂಗಳಲ್ಲೇ ಬಿಟ್ಟದ್ದರಿಂದ ನಮಗೆ ಅನುಕೂಲವಾಯಿತು. ಮನೆ ಮೊದಲೇ ಶುಚಿಯಾಗಿದ್ದರೆ ನೋಡಲು ಬಂದವರು ಬೇಗ ಒಪ್ಪುತ್ತಾರೆ, ಅದರ ಲಾಭ ನಮ್ಮ ಅಡ್ವಾನ್ಸಿಗೂ ಆಗುತ್ತದೆ.

ಇ.ಬಿ. (ಕರೆಂಟು) ಮೀಟರಿನ ರೀಡಿಂಗನ್ನು ಬೀಗದಕೈ ಕೊಡುವ ಹೊತ್ತಿನಲ್ಲಿ ಓನರ್ ಎದುರೇ ಫೋಟೋ ತೆಗೆಯಿರಿ. ಇಲ್ಲಿ ಬಿಲ್ ಎರಡು ತಿಂಗಳಿಗೊಮ್ಮೆ. ಮೊದಲ ಕೆಲವು ಯೂನಿಟ್ ಉಚಿತ, 500 ದಾಟಿದರೆ ದರದ ಹಂತಗಳೇ ಬದಲಾಗಿ ಬಿಲ್ ಏರುತ್ತದೆ. ಹೊಸಬರ ಎ.ಸಿ.ಯೂ ಸೇರಿ 500 ದಾಟಿದರೆ ಆ ಭಾರ ನಮ್ಮ ಪಾಲಿಗೂ ಹಂಚಿಕೆಯಾಗದಂತೆ ಅಂದೇ ಲೆಕ್ಕ ಮುಗಿಸಿಕೊಳ್ಳಬೇಕು.

ಇಷ್ಟೆಲ್ಲ ಲೆಕ್ಕದಲ್ಲಿ ಬಹಳ ಮನೆಗಳು ಬರೆದುಕೊಳ್ಳದ ಒಂದು ಖರ್ಚಿದೆ. ಓನರ್‌ಗೆ ನೋಟಿಸ್ ಇರುತ್ತದೆ, ನಮಗೆ ಅಡ್ವಾನ್ಸ್ ವಾಪಸ್ ಬರುತ್ತದೆ. ಮನೆಕೆಲಸಕ್ಕೆ ಬರುವ ಅಕ್ಕನಿಗೆ ಎರಡೂ ಇಲ್ಲ. ನಾವು ಲಾರಿ ಹತ್ತಿದ ದಿನವೇ ಆಕೆಯ ಒಂದು ಮನೆಯ ಸಂಬಳ ನಿಲ್ಲುತ್ತದೆ. ಮಾಮಿಗೆ ಹೇಳಿದ ದಿನವೇ ನಾವು ಆಕೆಗೂ ಹೇಳಿದೆವು. ಖಾಲಿ ಮನೆ ತೊಳೆದ ಕೆಲಸಕ್ಕೆ ಬೇರೆಯೇ ಕೂಲಿ ಕೊಟ್ಟು, ಅದರ ಮೇಲೆ ಒಂದು ತಿಂಗಳ ಸಂಬಳ ಕೊಟ್ಟೆವು. ಹೊಸದಾಗಿ ಬರುವವರ ನಂಬರನ್ನು ಅವರ ಒಪ್ಪಿಗೆ ಕೇಳಿ ಆಕೆಗೆ ಕೊಟ್ಟೆವು. ಮನೆ ಬದಲಿಸುವ ಖರ್ಚಿನ ಪಟ್ಟಿ ಮಾಡುವಾಗ ಲಾರಿ ಬಾಡಿಗೆಯ ಕೆಳಗಿನ ಸಾಲಿನಲ್ಲಿ ಆ ಒಂದು ತಿಂಗಳ ಸಂಬಳವನ್ನೂ ಬರೆದುಕೊಳ್ಳಿ.