ನೇತ್ರಾಣಿಯಲ್ಲಿ ಸ್ನಾರ್ಕ್ಲಿಂಗ್: ಬಯಲುಸೀಮೆಯವರಿಗೆ ಹಂತ ಹಂತವಾಗಿ

ಬಣ್ಣದ ಮೀನು ನೋಡೋಕೆ ಅಂಡಮಾನ್‌ವರೆಗೆ ಹೋಗಬೇಕಿಲ್ಲ. ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿ, ಅರಬ್ಬಿ ಸಮುದ್ರದ ನಡುವೆ ನೇತ್ರಾಣಿ ದ್ವೀಪವಿದೆ. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ (2022) ನೋಡಿದವರಿಗೆ ಅಲ್ಲಿನ ನೀರೊಳಗಿನ ದೃಶ್ಯ ನೆನಪಿರಬಹುದು. ಅದು ಸಿಲಿಂಡರ್ ಕಟ್ಟಿಕೊಂಡು ಆಳಕ್ಕಿಳಿಯುವ ಸ್ಕೂಬಾ. ಸ್ನಾರ್ಕ್ಲಿಂಗ್ ಅದಕ್ಕಿಂತ ಸರಳ: ಮುಖಕ್ಕೆ ಮಾಸ್ಕ್ ಹಾಕಿ, ಬಾಯಲ್ಲಿ ಕೊಳವೆ ಕಚ್ಚಿಕೊಂಡು, ನೀರಿನ ಮೇಲೇ ಬೋರಲಾಗಿ ತೇಲುತ್ತ ಕೆಳಗೆ ನೋಡುವುದು. ಲೈಫ್ ಜಾಕೆಟ್ ಇರುವುದರಿಂದ ಈಜು ಬರದವರೂ ಮಾಡಬಹುದು. ಚಳ್ಳಕೆರೆ, ಮೊಳಕಾಲ್ಮೂರು ಕಡೆ ತೋಟದ ಬಾವಿಯಲ್ಲಿ ಈಜು ಕಲಿತವರಿಗೇ ಇಲ್ಲಿ ತೊಡಕು ಜಾಸ್ತಿ. ಯಾಕೆ ಅಂತ ಐದನೇ ಹಂತದಲ್ಲಿ ಹೇಳುತ್ತೇನೆ.

ಹಂತ 1: ಕಾಲ ನೋಡಿ ಹೊರಡಿ
ಹೊಲದ ಶೇಂಗಾ ಕಿತ್ತು, ಮಾರಿ, ಕೈ ಬಿಡುವಾಗುವ ಹೊತ್ತಿಗೆ ಸರಿಯಾಗಿ ಕಡಲೂ ತಿಳಿಯಾಗಿರುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಪ್ರವಾಸಿ ಬೋಟ್ ಬಿಡುವುದಿಲ್ಲ. ಕ್ರಿಸ್‌ಮಸ್, ಹೊಸ ವರ್ಷದ ಜಾತ್ರೆ ತಪ್ಪಿಸಿ ವಾರದ ನಡುವೆ ಹೋದರೆ ನೆಮ್ಮದಿ.

ಹಂತ 2: ಬುಕ್ ಮಾಡುವ ಮುನ್ನ ಕೇಳಿ
ಮಾಸ್ಕ್, ಕೊಳವೆ, ಲೈಫ್ ಜಾಕೆಟ್ ಕರೆದೊಯ್ಯುವವರೇ ಕೊಡುತ್ತಾರಾ? ನೀರಿಗಿಳಿದಾಗ ಪಕ್ಕದಲ್ಲಿ ಬೋಧಕರು ಇರುತ್ತಾರಾ, ಒಬ್ಬರಿಗೆ ಎಷ್ಟು ಜನ? ಕಡಲು ಕೆಟ್ಟು ಬೋಟ್ ಹೋಗದಿದ್ದರೆ ದುಡ್ಡು ವಾಪಸ್ಸಾ? ಇಷ್ಟಕ್ಕೆ ನೇರ ಉತ್ತರ ಕೊಡದವರನ್ನು ಬಿಟ್ಟುಬಿಡಿ. ಹೃದಯದ ತೊಂದರೆ, ಆಸ್ತಮಾ, ಫಿಟ್ಸ್ ಇದ್ದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಹೊರಡಬೇಡಿ. ಅವರು ತುಂಬಿಸಿಕೊಳ್ಳುವ ಆರೋಗ್ಯದ ಫಾರ್ಮ್‌ನಲ್ಲಿ ಸುಳ್ಳು ಬರೆಯಬೇಡಿ. ಆಧಾರ್ ಕಾರ್ಡ್ ಜೊತೆಗಿರಲಿ.

ಹಂತ 3: ಹಿಂದಿನ ದಿನವೇ ಮುರ್ಡೇಶ್ವರ ಸೇರಿ
ಚಳ್ಳಕೆರೆಯಿಂದ ಚಿತ್ರದುರ್ಗ, ಹೊಳಲ್ಕೆರೆ, ಶಿವಮೊಗ್ಗ, ಸಾಗರ ದಾಟಿ, ಗೇರುಸೊಪ್ಪೆ ಘಟ್ಟ ಇಳಿದು ಹೊನ್ನಾವರಕ್ಕೆ ಬಂದು ಎಡಕ್ಕೆ ತಿರುಗಿದರೆ ಮುರ್ಡೇಶ್ವರ. 300 ಕಿ.ಮೀ.ಗೂ ಹೆಚ್ಚಿನ ದಾರಿ. ಮೊಳಕಾಲ್ಮೂರಿನವರಿಗೆ ಇನ್ನೂ ಒಂದು ತಾಸು ಸೇರಿಸಿ. ರಾತ್ರಿಯೆಲ್ಲ ಗಾಡಿ ಓಡಿಸಿಕೊಂಡು ಬಂದು ಬೆಳಗ್ಗೆ ಬೋಟ್ ಹತ್ತುವವರಿದ್ದಾರೆ. ಬೋಟಿನಲ್ಲಿ ಮೊದಲು ವಾಂತಿ ಮಾಡುವವರೂ ಸಾಮಾನ್ಯವಾಗಿ ಅವರೇ.

ಹಂತ 4: ಹೊಟ್ಟೆ, ಬಟ್ಟೆ, ಬೋಟ್
ಬೆಳಗ್ಗೆ ಎರಡು ಇಡ್ಲಿ ಸಾಕು. ಖಾಲಿ ಹೊಟ್ಟೆಯೂ ಬೇಡ, ಮಂಡಕ್ಕಿ-ಮೆಣಸಿನಕಾಯಿಯಂತೂ ಬೇಡವೇ ಬೇಡ. ಅದನ್ನು ಊರಿಗೆ ಬಂದು ತಿನ್ನಿ. ಬಸ್ಸಿನಲ್ಲೇ ತಲೆ ಸುತ್ತುವವರು ವೈದ್ಯರನ್ನು ಕೇಳಿ ವಾಂತಿ ತಡೆಯುವ ಮಾತ್ರೆಯನ್ನು ಬೋಟ್ ಹತ್ತುವ ಮೊದಲೇ ನುಂಗಬೇಕು. ತಲೆ ಸುತ್ತಲು ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ. ಕುಡಿದು ಕಡಲಿಗಿಳಿಯುವ ಮಾತೇ ಇಲ್ಲ. ಜೀನ್ಸ್, ಸೀರೆ, ದುಪ್ಪಟ್ಟಾ ನೀರು ಕುಡಿದು ಭಾರವಾಗುತ್ತವೆ. ಬೇಗ ಒಣಗುವ ತುಂಬುತೋಳಿನ ಟೀ ಶರ್ಟ್, ಲೆಗ್ಗಿಂಗ್ಸ್ ಒಳ್ಳೆಯದು. ನೀವು ಬೋರಲಾಗಿ ತೇಲುವಾಗ ಬಿಸಿಲು ನೇರ ಬೆನ್ನಿಗೆ ಬೀಳುತ್ತದೆ.

ಬೋಟ್ ಪಯಣ ಒಂದೂವರೆ ತಾಸಿನ ಆಸುಪಾಸು. ಮೊಬೈಲ್ ನೋಡದೆ, ದೂರದ ಕಡಲಂಚಿನ ಮೇಲೆ ಕಣ್ಣಿಟ್ಟು ಬೋಟಿನ ನಡುಭಾಗದಲ್ಲಿ ಕೂರಿ.

ಹಂತ 5: ಮಾಸ್ಕ್ ಮತ್ತು ಉಸಿರು
ಇಡೀ ದಿನದ ಸುಖ ನಿಂತಿರುವುದು ಇದರ ಮೇಲೆ. ಪಟ್ಟಿ ಹಾಕಿಕೊಳ್ಳದೆ ಮಾಸ್ಕನ್ನು ಮುಖಕ್ಕೆ ಒತ್ತಿ, ಮೂಗಿನಿಂದ ಒಮ್ಮೆ ಉಸಿರೆಳೆಯಿರಿ. ಕೈ ಬಿಟ್ಟರೂ ಅಂಟಿಕೊಂಡಿದ್ದರೆ ಅದು ನಿಮ್ಮ ಅಳತೆ. ಬಿದ್ದರೆ ಬೇರೆ ಕೇಳಿ. ಅಂಚಿನಡಿ ಒಂದೆಳೆ ಕೂದಲು ಸಿಕ್ಕಿದರೂ ನೀರು ಜಿನುಗುತ್ತದೆ. ದಪ್ಪ ಮೀಸೆಯವರಿಗೆ ಈ ಕಾಟ ತಪ್ಪಿದ್ದಲ್ಲ. ಮೀಸೆಗೆ ತುಸು ವ್ಯಾಸಲೀನ್ ಸವರಿಕೊಳ್ಳಿ. ಗಾಜು ಮಬ್ಬಾಗದಿರಲು ಒಳಮೈಗೆ ಉಗುಳು ಸವರಿ ಕಡಲ ನೀರಲ್ಲಿ ಜಾಲಾಡಿಸಿ. ಹೇಸಿಗೆ ಅನಿಸಿದರೂ ಇದಕ್ಕಿಂತ ಅಗ್ಗದ ಉಪಾಯ ಇಲ್ಲ.

ಇನ್ನು ಉಸಿರು. ಬಾವಿಯಲ್ಲಿ ಕಲಿತವರು ಮುಖ ನೀರಿಗೆ ತಾಗಿದ ಕೂಡಲೇ ಉಸಿರು ಬಿಗಿಹಿಡಿದು ಕೈಕಾಲು ಬಡಿಯುತ್ತಾರೆ. ಬಾವಿಯಲ್ಲಿ ಅದು ಸರಿ, ಇಲ್ಲಿ ತಪ್ಪು. ಉಪ್ಪುನೀರು ಬಾವಿ ನೀರಿಗಿಂತ ಚೆನ್ನಾಗಿ ತೇಲಿಸುತ್ತದೆ, ಮೇಲೆ ಜಾಕೆಟ್ ಬೇರೆ. ಸುಮ್ಮನೆ ಮಲಗಿ, ಬಾಯಿಂದಲೇ ನಿಧಾನವಾಗಿ ಉಸಿರಾಡಿ. ಗಾಬರಿಯಲ್ಲಿ ಚಿಕ್ಕ ಚಿಕ್ಕ ಉಸಿರು ತೆಗೆದರೆ ಕೊಳವೆಯೊಳಗೆ ಉಳಿದ ಹಳೇ ಗಾಳಿಯೇ ಮತ್ತೆ ಎದೆಗೆ ಹೋಗಿ ದಣಿವು ಹೆಚ್ಚುತ್ತದೆ. ಕೊಳವೆಗೆ ನೀರು ನುಗ್ಗಿದರೆ ಗಟ್ಟಿಯಾಗಿ ‘ಥೂ’ ಎಂದು ಊದಿ, ನೀರು ಮೇಲೆ ಚಿಮ್ಮಿ ಹೋಗುತ್ತದೆ. ಆಗದಿದ್ದರೆ ತಲೆಯೆತ್ತಿ ಕೊಳವೆ ಉಗಿದುಬಿಡಿ. ಮನೆಯಲ್ಲಿ ಟಬ್ಬಿಗೆ ನೀರು ತುಂಬಿ, ಮೂಗನ್ನು ಬೆರಳಲ್ಲಿ ಹಿಡಿದು, ಮುಖವಿಟ್ಟು ಬಾಯಿಂದ ಬುಳುಬುಳು ಉಸಿರು ಬಿಡುವ ಅಭ್ಯಾಸ ಮಾಡಿಕೊಂಡು ಹೋದರೆ ಅರ್ಧ ಭಯ ಊರಲ್ಲೇ ಉಳಿಯುತ್ತದೆ.

ಹಂತ 6: ನೋಡಿ, ಮುಟ್ಟಬೇಡಿ
ದ್ವೀಪದ ಮೇಲೆ ಇಳಿಸುವುದಿಲ್ಲ. ಬೋಟ್ ಪಕ್ಕದಲ್ಲೇ ನೀರಿಗಿಳಿಯಬೇಕು. ಕೆಳಗೆ ಬಂಡೆಗಳು, ಹವಳ, ಹವಳವನ್ನು ಕೆರೆದು ತಿನ್ನುವ ಗಿಳಿಮೀನು, ಹಳದಿ ಪಟ್ಟೆಯ ಚಿಟ್ಟೆಮೀನು, ಅದೃಷ್ಟವಿದ್ದರೆ ಕಡಲಾಮೆ. ಮಾಸ್ಕಿನೊಳಗಿಂದ ಎಲ್ಲವೂ ಮೂರನೇ ಒಂದು ಭಾಗದಷ್ಟು ದೊಡ್ಡದಾಗಿ ಕಾಣುತ್ತವೆ. ಊರಲ್ಲಿ ಮೀನಿನ ಗಾತ್ರ ಹೇಳುವಾಗ ನೆನಪಿರಲಿ. ಹವಳ ಜೀವ ಇರುವಂಥದ್ದು, ಅದರ ಮೇಲೆ ಕಾಲಿಡಬೇಡಿ. ಬಂಡೆಗೆ ಕೈಯಿಟ್ಟರೆ ಮುಳ್ಳಿನ ಜೀವಿಗಳು ಚುಚ್ಚಬಹುದು. ಮೀನಿಗೆ ಬಿಸ್ಕೆಟ್ ಎಸೆಯಬೇಡಿ. ಚಳಿ ಹತ್ತಿ ನಡುಕ ಬಂದರೆ, ದುಡ್ಡು ಕೊಟ್ಟಿದ್ದೇನೆಂದು ಹಟ ಮಾಡದೆ ಬೋಟ್ ಹತ್ತಿ.

ಹಂತ 7: ವಾಪಸ್
ದಡಕ್ಕೆ ಬಂದು ಸಿಹಿನೀರಲ್ಲಿ ಮಿಂದು, ನೀರು ಕುಡಿದು, ಊಟ ಮಾಡಿ. ಬರೀ ಸ್ನಾರ್ಕ್ಲಿಂಗ್ ಮಾಡಿದವರಿಗೆ ಅದೇ ಸಂಜೆ ಘಟ್ಟ ಹತ್ತಲು ಅಡ್ಡಿಯಿಲ್ಲ. ಆಸೆಪಟ್ಟು ಸ್ಕೂಬಾ ಕೂಡ ಮಾಡಿದ್ದರೆ ಲೆಕ್ಕ ಬೇರೆ: ಆಳದಲ್ಲಿ ರಕ್ತಕ್ಕೆ ಕರಗಿದ ಸಾರಜನಕ ಹೊರಹೋಗಲು ಸಮಯ ಬೇಕು, ಎತ್ತರದ ಜಾಗಕ್ಕೆ ಬೇಗ ಹೋದರೆ ಅದು ಗುಳ್ಳೆಯಾಗಿ ತೊಂದರೆ ಕೊಡಬಹುದು. ಚಳ್ಳಕೆರೆ ಇರುವುದೇ ಸಮುದ್ರಮಟ್ಟದಿಂದ 500 ಮೀಟರಿಗೂ ಮೇಲೆ. ಸ್ಕೂಬಾ ಮಾಡಿದವರು ಎಷ್ಟು ಹೊತ್ತು ಕಾಯಬೇಕೆಂದು ಬೋಧಕರನ್ನು ಕೇಳಿ, ಆ ರಾತ್ರಿ ಮುರ್ಡೇಶ್ವರದಲ್ಲೇ ಉಳಿದು ಮರುದಿನ ಹೊರಡಿ.