ಟ್ರಾನ್ಸ್‌ಫಾರ್ಮರ್ ಕೊಳ್ಳುವ ಮುನ್ನ

ಮೊದಲು ವಾಲ್ವುಗಳ ಲೆಕ್ಕ ಮಾಡಿ, ಟ್ರಾನ್ಸ್‌ಫಾರ್ಮರ್ ಆಮೇಲೆ. ನಿಮ್ಮ ಸ್ಟೀರಿಯೊ ಆಂಪ್ಲಿಫೈಯರಿನಲ್ಲಿ ಎರಡು ಇಎಲ್84, ಒಂದು 12ಎಎಕ್ಸ್7 ಇವೆ. 6.3 ವೋಲ್ಟ್ ಹೀಟರಿಗೆ ಇಎಲ್84 ತಲಾ 0.76 ಆಂಪಿಯರ್, 12ಎಎಕ್ಸ್7 0.3, ಒಟ್ಟು 1.82. ಆದರೂ 3 ಆಂಪಿಯರಿನ ವೈಂಡಿಂಗ್ ಕೇಳಿ, ಅತಿಯಾಗಿ ಬಿಸಿಯಾಗುವುದಿಲ್ಲ.

ಬಹಳ ಜನ ಎಡವುವುದು ಹೈವೋಲ್ಟೇಜಿನಲ್ಲಿ. ಎರಡೂ ಇಎಲ್84 ಸೇರಿ ಸುಮಾರು 110 ಮಿಲಿಆಂಪಿಯರ್ ಡಿಸಿ ಎಳೆಯುತ್ತವೆ. ಬ್ರಿಜ್ ರೆಕ್ಟಿಫೈಯರ್ ಆದಮೇಲೆ ನೇರ ಕೆಪಾಸಿಟರ್ ಇದ್ದರೆ, ವೈಂಡಿಂಗಿನ ಎಸಿ ಕರೆಂಟು ಅದರ ಸುಮಾರು 1.8 ಪಟ್ಟು. ಹಾಗಾಗಿ 200 ವೋಲ್ಟ್, 200 ಮಿಲಿಆಂಪಿಯರ್ ಬೇಕು; ಇದಕ್ಕಿಂತ ಕಡಿಮೆಗೆ ಒಪ್ಪಬೇಡಿ.

ಗುಜರಿಯಲ್ಲಿ ಸಿಗುವ ಅಮೆರಿಕದ ಹಳೆಯ ಮಾಲು ಬೇಡ: 60 ಹರ್ಟ್ಸ್‌ಗೆಂದೇ ಮಾಡಿದ ಕೋರ್ ನಮ್ಮ 50 ಹರ್ಟ್ಸ್‌ನಲ್ಲಿ ಕಾದು ಗುಂಯ್‌ಗುಡಬಹುದು.

ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಉಳಿದಿರುತ್ತದೆ. ಬ್ಲೀಡರ್ ರೆಸಿಸ್ಟರ್ ಹಾಕಿ. ಮೀಟರಿನಲ್ಲಿ ಸೊನ್ನೆ ಕಾಣುವವರೆಗೆ ದಯವಿಟ್ಟು ಒಳಗೆ ಕೈ ಹಾಕಬೇಡಿ.